ಯೂರಿಕ್ ಆಸಿಡ್ ಹೇಳಿದ ಸಾಕ್ಷಿ

ನಮ್ಮ ಲ್ಯಾಬ್ ಮುಚ್ಚಿದ ದಿನ ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಹೋಟೆಲೊಂದರಲ್ಲಿ ಎಲ್ಲರಿಗೂ ಊಟ ಇತ್ತು. ಊಟಕ್ಕೆ ಮೊದಲು ಲ್ಯಾಬಿನ ಮಾಲಕರೂ ಪೆಥಾಲಜಿ ಡಾಕ್ಟರೂ ಆದ ಕುಲಕರ್ಣಿ ಸರ್ ಎದ್ದು ನಿಂತು, ಕಮಲಾಪುರದ ಆಚಾರರ ಮಗನ ಕಥೆ ಹೇಳಿದರು. ಹುಡುಗನ ಯೂರಿಕ್ ಆಸಿಡ್ ಅಂಕಿ ನೋಡುತ್ತಲೇ ಇದು ಊಟದ ದೋಷವಲ್ಲ, ಜೀವಕೋಶದೊಳಗಿನ ದೋಷ ಎಂದು ತಮಗೆ ಹೊಳೆಯಿತಂತೆ. ನಮ್ಮ ಲ್ಯಾಬಿನ ವರದಿ ಒಬ್ಬ ಹುಡುಗನ ಮಾನ ಉಳಿಸಿತಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನೂ ತಟ್ಟಿದೆ, ಊಟ ಅವರದಾಗಿತ್ತು. ಆದರೆ ಹೊಳೆದದ್ದು ನೋಡುತ್ತಲೇ ಅಲ್ಲ, ಮೊದಲು ಹೊಳೆದದ್ದು ಅವರಿಗೂ ಅಲ್ಲ. ಇನ್ನು ಮಾನದ ಮಾತು. ಉಳಿಸಿದ್ದು ನಮ್ಮ ವರದಿ ಅನ್ನುವುದಾದರೆ ಕಳೆದದ್ದು ಯಾರ ವರದಿ ಎಂಬುದನ್ನೂ ಹೇಳಬೇಕಲ್ಲ? ಅದೂ ನಮ್ಮದೇ.

ಮೂವತ್ತೆಂಟಕ್ಕೆ ನಿವೃತ್ತಿ ಎಂದರೆ ಜನ ನಗುತ್ತಾರೆ. ಲ್ಯಾಬನ್ನು ಹೊರಗಿನ ದೊಡ್ಡ ಕಂಪನಿಯೊಂದು ಕೊಂಡಿತು. ರಕ್ತ ಇಲ್ಲಿ ತೆಗೆದು ಪರೀಕ್ಷೆಗೆ ಬೇರೆ ಊರಿಗೆ ಕಳಿಸುವ ವ್ಯವಸ್ಥೆ ಬಂತು. ನನ್ನಂಥ ಬಯೋಕೆಮಿಸ್ಟ್‌ಗೆ ಉಳಿದದ್ದು ಪೆಟ್ಟಿಗೆ ಕಟ್ಟುವ ಕೆಲಸ. ಅದನ್ನು ಒಲ್ಲೆ ಎಂದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದವಳು ನಾನು; ಒಲ್ಲೆ ಎನ್ನುವುದು ನನಗೆ ಕಷ್ಟದ ಮಾತಲ್ಲ. ಈಗ ಡಿಎಂಎಲ್‌ಟಿ ಎಂಬ ಲ್ಯಾಬ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಬಂದು ಕೇಳುತ್ತಾರೆ: ‘ಅಕ್ಕಾ, ಕೆಲಸ ಹ್ಯಾಂಗಿರ್ತದ?’ ಇದು ಅವರಿಗಾಗಿ.

ನನ್ನ ಊರು ಕಮಲಾಪುರ. ಅಲ್ಲಿ ನಮ್ಮ ಲ್ಯಾಬಿನ ಒಂದು ಸಣ್ಣ ಕೋಣೆ ಇತ್ತು. ಬೆಳಿಗ್ಗೆ ಅಲ್ಲಿ ರಕ್ತ ತೆಗೆದು, ನಳಿಕೆಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಕಲಬುರಗಿ ಬಸ್ ಹತ್ತುತ್ತಿದ್ದೆ. ಕಂಡಕ್ಟರ್ ಮೊದಮೊದಲು ‘ಏನದರೀ ಅದು, ಮೀನೇನು?’ ಎಂದು ಕೇಳಿದ. ಜನರ ರಕ್ತ ಎಂದೆ. ಆಮೇಲೆ ನನ್ನ ಪಕ್ಕದ ಸೀಟು ಸದಾ ಖಾಲಿ ಇರುತ್ತಿತ್ತು.

ಈ ಕೆಲಸದಲ್ಲಿ ಮೊದಲು ತಿಳಿಯಬೇಕಾದ್ದು, ನಳಿಕೆಯೊಳಗಿನ ರಕ್ತ ಸತ್ತಿಲ್ಲ ಎಂಬುದು. ಅದರ ಜೀವಕೋಶಗಳು ಬಸ್ಸಿನಲ್ಲೂ ದುಡಿಯುತ್ತಲೇ ಇರುತ್ತವೆ. ಸಕ್ಕರೆ ಕರಗದಂತೆ ತಡೆಯುವ ರಾಸಾಯನಿಕವಿರುವ ಬೂದು ಮುಚ್ಚಳದ ನಳಿಕೆಗೆ ಹಾಕಬೇಕಾದ ರಕ್ತವನ್ನು ಕೆಂಪು ಮುಚ್ಚಳದ್ದಕ್ಕೆ ಹಾಕಿದರೆ, ಕಮಲಾಪುರದಲ್ಲಿದ್ದ ಸಕ್ಕರೆಯನ್ನು ಅವು ದಾರಿಯಲ್ಲೇ ತಿಂದು ಕಲಬುರಗಿಯಲ್ಲಿ ಕಡಿಮೆ ತೋರಿಸುತ್ತವೆ. ರೋಗಿ ಖುಷಿಯಾಗಿ ಒಂದು ಜಿಲೇಬಿ ಹೆಚ್ಚು ತಿನ್ನುತ್ತಾನೆ.

ನಾನು ಸೇರಿದಾಗ ಪರೀಕ್ಷೆ ಕೈಯಿಂದ ನಡೆಯುತ್ತಿತ್ತು. ರಾಸಾಯನಿಕ ಬೆರೆಸಿ, ಬಿಸಿನೀರಿನ ತೊಟ್ಟಿಯಲ್ಲಿಟ್ಟು, ಬಣ್ಣ ಏರಿದ್ದನ್ನು ಅಳೆಯುತ್ತಿದ್ದೆವು. ನಿಧಾನದ ಕೆಲಸ, ಆದರೆ ಪ್ರತಿ ನಳಿಕೆಯನ್ನೂ ಕಣ್ಣಿನಿಂದ ನೋಡುತ್ತಿದ್ದೆವು. ಆಮೇಲೆ ದೊಡ್ಡ ಯಂತ್ರ ಬಂತು, ಅದರೊಡನೆ ವರದಿ ಮುದ್ರಿಸುವ ಸಾಫ್ಟ್‌ವೇರ್ ಬಂತು. ಅಂಕಿ ಮಿತಿ ದಾಟಿದರೆ ಸಾಫ್ಟ್‌ವೇರೇ ಕೆಳಗೆ ಒಂದು ಸಾಲು ಉಪದೇಶ ಹಾಕುತ್ತಿತ್ತು. ಸರ್‌ಗೆ ಅದು ಬಹಳ ಹಿಡಿಸಿತು. ‘ಫ್ರೀ ಸಲ್ಲಾ ಅದ, ಪೇಷಂಟ್ ಖುಷ್ ಆಗ್ತಾರ’ ಎನ್ನುತ್ತಿದ್ದರು.

ಆ ಉಪದೇಶದ ಮೊದಲ ಪೆಟ್ಟು ಬಿದ್ದದ್ದು ಕಮಲಾಪುರದ ಒಬ್ಬ ಬಾಳೆ ಬೆಳೆಗಾರನಿಗೆ. ಬಸ್ಸಿನ ಕುಲುಕಾಟಕ್ಕೆ ಅವನ ರಕ್ತದ ಕೆಂಪು ಕಣಗಳು ಒಡೆದು, ಒಳಗಿದ್ದ ಪೊಟ್ಯಾಸಿಯಂ ಹೊರಗೆ ಸೋರಿತ್ತು. ಹಿಂದಿನ ಪದ್ಧತಿಯಲ್ಲಾಗಿದ್ದರೆ ನಳಿಕೆಯಲ್ಲಿ ಮೇಲೆ ನಿಂತ ತಿಳಿನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಅದನ್ನು ಚೆಲ್ಲುತ್ತಿದ್ದೆವು. ಯಂತ್ರ ಏರಿದ ಅಂಕಿ ಕೊಟ್ಟಿತು, ಬಾಳೆಯಲ್ಲಿ ಪೊಟ್ಯಾಸಿಯಂ ಹೆಚ್ಚೆಂದು ಸಾಫ್ಟ್‌ವೇರ್ ‘ಬಾಳೆಹಣ್ಣು, ಎಳನೀರು ತ್ಯಜಿಸಿ’ ಎಂದು ಮುದ್ರಿಸಿತು. ಅವನು ವರದಿ ಹಿಡಿದು ಬಂದ.

‘ಮೇಡಮ್ಮೋರ, ಹೊಲದಾಗ ಬರೀ ಕೆಂಪು ಬಾಳಿ ಹಚ್ಚೀನಿ. ತಿನಬ್ಯಾಡ ಅಂತ ಬರದೀರಿ, ಬಿಡ್ತೀನಿ. ಮಾರಬೌದೋ ಇಲ್ಲೋ ಅದನ್ನೂ ಬರದು ಕೊಡ್ರಿ.’

ಮತ್ತೆ ರಕ್ತ ತೆಗೆದು ನೋಡಿದರೆ ಎಲ್ಲ ಸರಿಯಿತ್ತು. ನಮ್ಮ ಹಿರಿಯ ಟೆಕ್ನಿಷಿಯನ್ ಮಹಬೂಬ್ ಭಾಯಿ ದಿನವಿಡೀ ನಕ್ಕರು. ನಾನೂ ನಕ್ಕೆ. ಆದರೆ ಅಚ್ಚಾದ ಸಾಲಿಗೆ ಎಷ್ಟು ಬಲ ಇದೆ ಎಂಬುದು ಆಗಲೇ ಕಂಡಿತ್ತು. ಕೈಬರಹದಲ್ಲಿದ್ದರೆ ಜನ ಇದೇನೆಂದು ಕೇಳುತ್ತಾರೆ. ಅಚ್ಚಾಗಿದ್ದರೆ ತಮ್ಮ ಒಬ್ಬರಿಗಾಗಿಯೇ ಯಾರೋ ತಿಳಿದವರು ಯೋಚಿಸಿ ಬರೆದದ್ದು ಎಂದುಕೊಳ್ಳುತ್ತಾರೆ.

ಆಚಾರರ ವಿಷಯ ಇಲ್ಲಿಂದ ಶುರು.

ವೆಂಕಣ್ಣಾಚಾರರು ನಮ್ಮೂರ ಹನುಮಪ್ಪನ ಗುಡಿಯ ಪೂಜೆಯವರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಒಬ್ಬನೇ ಮಗ ಪ್ರಾಣೇಶ, ಕಲಬುರಗಿಗೆ ದಿನವೂ ಬಸ್ಸಿನಲ್ಲಿ ಹೋಗಿ ಡಿಗ್ರಿ ಓದುತ್ತಿದ್ದ. ಬೆಳಗಿನ ಪೂಜೆಗೆ ಅಪ್ಪನ ಜೊತೆ ಅವನೂ ಇರುತ್ತಿದ್ದ. ಅಪ್ಪನಿಗೆ ಮಂಡಿ ನೋವು ಬಂದ ಮೇಲೆ ಅಭಿಷೇಕವೆಲ್ಲ ಅವನದೇ. ಹುಡುಗನಿಗೆ ಸೊಂಟದ ಪಕ್ಕದಲ್ಲಿ ನೋವು ಬಂತು. ಜೇವರ್ಗಿ ಕಾಲೋನಿಯ ಕಿಡ್ನಿ ಡಾಕ್ಟರು ಕಲ್ಲು ಇದೆ ಎಂದು ರಕ್ತ ಪರೀಕ್ಷೆಗೆ ಬರೆದರು. ರಕ್ತ ತೆಗೆದವಳು ನಾನೇ.

ಏಳರೊಳಗೆ ಇರಬೇಕಾದ ಯೂರಿಕ್ ಆಸಿಡ್ ಹನ್ನೊಂದು ದಾಟಿತ್ತು. ನನ್ನ ರೂಢಿಯಂತೆ ಇನ್ನೊಮ್ಮೆ ಓಡಿಸಿದೆ, ಅಷ್ಟೇ ಬಂತು. ಸಾಫ್ಟ್‌ವೇರ್ ತನ್ನ ಸಾಲು ಹಾಕಿತು: ‘ಮಾಂಸಾಹಾರ, ಮದ್ಯಪಾನ ತ್ಯಜಿಸಿ.’ ಸರ್ ಸಹಿ ಹಾಕಿದರು. ವರದಿ ಕಮಲಾಪುರದ ಕೋಣೆಗೆ ಹೋಯಿತು, ಅಲ್ಲಿಂದ ಆಚಾರರ ಕೈಗೆ.

ಮರುದಿನ ಬೆಳಿಗ್ಗೆ ನಾನು ಪೆಟ್ಟಿಗೆ ತೆರೆಯುವಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತಿದ್ದರು.

‘ಜಗದೇವಿ, ಇದು ನಿಮ್ಮ ಲ್ಯಾಬಿನ ಕಾಗದ ಹೌದಲ್ಲೋ?’

‘ಹೌದ್ರಿ ಆಚಾರ್ರ.’

‘ಮಷಿನ್ ಸುಳ್ಳ ಹೇಳ್ತದೇನವಾ?’

‘ಅಂಕಿ ಬರೋಬರಿ ಅದರೀ. ಕೆಳಗಿನ ಸಾಲು ಎಲ್ಲಾರಿಗೂ ಅದೇ ಬರ್ತದ. ಯೂರಿಕ್ ಆಸಿಡ್ ಹೆಚ್ಚಿದ್ದವ್ರಿಗೆಲ್ಲ.’

‘ಅದನೇ ನಾನೂ ಅನ್ನೂದು. ತಿಂದವ್ರಿಗೆಲ್ಲ ಹೆಚ್ಚಾಗ್ತದ, ಹೆಚ್ಚಾದವ್ರಿಗೆಲ್ಲ ಬರ್ತದ. ಸ್ಟೇಶನ್ ಬಜಾರದಾಗ ಏನೇನು ಹೋಟೆಲ್ ಅವ ಅಂತ ನನಗೂ ಗೊತ್ತದ. ಬಸ್ ತಪ್ಪಿತು, ಬಸ್ ತಪ್ಪಿತು ಅಂತ ಅಂವ ತಡಾ ಮಾಡಿ ಬರ್ತಿದ್ದ.’

ತಿಂದವರಿಗೆ ಹೆಚ್ಚಾಗಬಹುದು ಎಂಬುದರಿಂದ ಹೆಚ್ಚಾದವರೆಲ್ಲ ತಿಂದವರು ಎಂಬುದು ಹೊರಡುವುದಿಲ್ಲ. ಚರ್ಚಾಸ್ಪರ್ಧೆಯಲ್ಲಿ ಈ ಜಾರಿಕೆಗೆ ಅಂಕ ಕಳೆಯುತ್ತಾರೆ. ಆದರೆ ಆಚಾರರು ಅಂಕಕ್ಕಾಗಿ ಬಂದಿರಲಿಲ್ಲ. ಅಂದಿನಿಂದ ಪ್ರಾಣೇಶ ಗರ್ಭಗುಡಿಯೊಳಗೆ ಕಾಲಿಡುವಂತಿರಲಿಲ್ಲ. ಮನೆಯಲ್ಲಿ ಅವನ ಊಟದ ಎಲೆ ಪಡಸಾಲೆಗೆ ಬಂತು. ಅವನಿಗೆ ನಿಶ್ಚಯವಾಗುವಂತಿದ್ದ ಸಂಬಂಧದವರು ‘ನೋಡೋಣು’ ಎಂದು ಸುಮ್ಮನಾದರು. ಓಣಿಗೆಲ್ಲ ಗೊತ್ತಾಗಿತ್ತು, ಗುಡಿಯಲ್ಲಿ ತೀರ್ಥ ಕೊಡುವ ಕೈ ಬದಲಾದರೆ ಯಾರಿಗೆ ಗೊತ್ತಾಗುವುದಿಲ್ಲ?

ನಾನು ಸರ್ ಹತ್ತಿರ ಹೋದೆ. ಅವರು ನನ್ನನ್ನು ವಕೀಲಬಾಯಿ ಎಂದು ಕರೆಯುತ್ತಿದ್ದರು.

‘ಸರ್, ಆ ಸಾಲು ತಗೀರಿ.’

‘ಬಂತು ನೋಡು ವಕೀಲಬಾಯಿದು. ಯಾಕ ತಗೀಬೇಕು?’

‘ಊಟದಿಂದನೇ ಬರ್ತದ ಅನ್ನಂಗ ಅದ. ಶರೀರದಾಗಿನ ಹೆಚ್ಚಿನ ಯೂರಿಕ್ ಆಸಿಡ್ ಜೀವಕೋಶ ತಾವೇ ಮಾಡಿಕೊಂಡದ್ದರಿಂದ ಬರ್ತದ. ನೀವೇ ನಮಗ ಹೇಳಿಕೊಟ್ಟೀರಿ.’

‘ಪಾಠ ಬ್ಯಾರೆ, ಪೇಷಂಟ್ ಬ್ಯಾರೆ. ಅಗ ಬಾಯಿ, ನಮ್ಮ ಮಂದಿ ನನಗ ಗೊತ್ತಿಲ್ಲೇನು? ಮನ್ಯಾಗ ಉಳ್ಳಾಗಡ್ಡಿ ಮುಟ್ಟಂಗಿಲ್ಲ, ಹೊರಗ ಬಂದು ಆಮ್ಲೆಟ್ ಹೊಡೀತಾರ. ಆ ಹುಡುಗನೂ ತಿಂದಾನ ಬಿಡು.’

ಸರ್‌ಗೆ ಈ ಖಚಿತತೆ ಎಲ್ಲಿಂದ ಬಂತೆಂದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮಧ್ಯಾಹ್ನ ಒಂದು ಹೊತ್ತಿಗೆ ಅವರು ‘ಬ್ಯಾಂಕಿಗೆ ಹೋಗಿ ಬರ್ತೀನಿ’ ಎಂದು ಹೊರಡುತ್ತಿದ್ದರು. ಬರುವಾಗ ಅಂಗಿಯಲ್ಲಿ ಮಟನ್ ಮಸಾಲೆಯ ವಾಸನೆ, ಬಾಯಿಯಲ್ಲಿ ಏಲಕ್ಕಿ ಇರುತ್ತಿತ್ತು. ಬ್ಯಾಂಕಿಗೆ ರಜೆ ಇದ್ದ ದಿನವೂ ಹೋಗುತ್ತಿದ್ದರು.

ಅಷ್ಟರಲ್ಲಿ ಆಚಾರರು ಮಗನಿಗೆ ಪ್ರಾಯಶ್ಚಿತ್ತ ಮಾಡಿಸಿದರು. ಏಕಾದಶಿಗೆ ನೀರೂ ಇಲ್ಲದ ಉಪವಾಸ, ದ್ವಾದಶಿಗೆ ಒಂದಿಷ್ಟು ಹಣ್ಣು, ಮತ್ತೆ ಉಪವಾಸ. ತಾವೂ ಅವನೊಡನೆ ಉಪವಾಸವಿದ್ದು, ಅವನ ಎದುರಿಗೇ ಕುಳಿತು ಜಪ ಮಾಡಿದರು. ಅದನ್ನು ನಾನು ಕಡೆಗಣಿಸಲಾರೆ. ಶಿಕ್ಷೆಯನ್ನು ಅರ್ಧ ತಾವೇ ಉಂಡರು. ಆಮೇಲೆ ಮಗನನ್ನು ಕರೆದುಕೊಂಡು ಮತ್ತೆ ರಕ್ತ ಕೊಡಿಸಲು ಬಂದರು. ಅಂಕಿ ಇಳಿದರೆ ಗುಡಿಗೆ ಸೇರಿಸಿಕೊಳ್ಳುವುದೆಂದು ಮಾತು.

ಪ್ರಾಣೇಶನ ತುಟಿ ಒಣಗಿತ್ತು. ಸೂಜಿ ಚುಚ್ಚುವಾಗ ಅಪ್ಪನಿಗೆ ಕೇಳದಂತೆ ಹೇಳಿದ:

‘ಅಕ್ಕಾ, ನನಗ ಅದರ ವಾಸನಿ ಬಂದ್ರೂ ಆಗಂಗಿಲ್ಲ. ಹೇಳಿ ಹೇಳಿ ಸಾಕಾಗ್ಯದ. ಈ ಸಲ ನೀವೇ ಮಷಿನ್‌ಗೆ ಹೇಳ್ರಿ, ನಾ ತಿಂದಿಲ್ಲ ಅಂತ.’

ಯಂತ್ರಕ್ಕೆ ಯಾರ ಮಾತೂ ಕೇಳಿಸುವುದಿಲ್ಲ. ಅಂಕಿ ಮೊದಲಿಗಿಂತ ಮೇಲೆ ಬಂತು. ಕೆಳಗೆ ಅದೇ ಸಾಲು.

ಅಂಕಿ ಏರುವುದು ಸಹಜವೇ. ಉಪವಾಸದಲ್ಲಿ ದೇಹ ತನ್ನ ಕೊಬ್ಬನ್ನು ಸುಡುತ್ತದೆ. ಆಗ ಹುಟ್ಟುವ ಆಮ್ಲಗಳು ಮೂತ್ರಪಿಂಡದಲ್ಲಿ ಯೂರಿಕ್ ಆಸಿಡ್‌ಗೆ ಅಡ್ಡ ನಿಲ್ಲುತ್ತವೆ. ನೀರೂ ಕುಡಿಯದಿದ್ದರೆ ಇದ್ದದ್ದು ಗಟ್ಟಿಯಾಗಿ ಕಲ್ಲಾಗುತ್ತದೆ. ಅಂದರೆ ನಿರಪರಾಧಿ ಎಂದು ತೋರಿಸಲು ಹುಡುಗ ಪಟ್ಟ ಕಷ್ಟವೇ ಅವನ ಮೇಲೆ ಸಾಕ್ಷಿ ಹೇಳಿತು. ಎರಡು ದಿನಕ್ಕೆ ಕಲ್ಲಿನ ನೋವು ಮತ್ತೆ ಬಂದು ಅವನನ್ನು ಕಲಬುರಗಿಯಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಆಚಾರರು ಸಿಕ್ಕರು. ನಾನು ಕೇಳಿದೆ:

‘ಉಪವಾಸದಾಗ ಅಂವ ಏನರ ತಿಂದಿರಬೌದೇನ್ರಿ?’

‘ಶಕ್ಯ ಇಲ್ಲ. ನಾನೇ ಎದುರು ಕೂತಿದ್ದೆ. ನೀರೂ ಮುಟ್ಟಿಲ್ಲ.’

‘ಮತ್ತ ಏರಿದ್ದು ಹ್ಯಾಂಗ?’

ಅವರು ಹೇಳಿದರು: ‘ಹಿಂದ ತಿಂದದ್ದು ಈಗ ಹೊರಗ ಬರ್ಲಿಕ್ಕತ್ತದ. ಅರಬಿ ತೊಳ್ಯಾಗ ನೀರು ಹೊಲಸ ಆಗಂಗಿಲ್ಲೇನು?’

ಇಳಿದರೆ ಪ್ರಾಯಶ್ಚಿತ್ತ ಫಲಿಸಿತು. ಏರಿದರೆ ಪಾಪ ಹೊರಬಂತು. ಇಂಥ ವಾದದ ಎದುರು ಯಾವ ಅಂಕಿ ಇಟ್ಟರೂ ಪ್ರಯೋಜನವಿಲ್ಲ. ಆಚಾರರನ್ನು ನೋಡಿ ನಗಬೇಡಿ. ನಮ್ಮ ಕಡೆಯ ಎಷ್ಟೋ ಡಾಕ್ಟರು ತೊಗರಿಬೇಳೆ ಬಿಡಿಸುವುದೂ ಇದೇ ತರ್ಕದಿಂದ. ಯೂರಿಕ್ ಆಸಿಡ್ ಇಳಿದರೆ ಬೇಳೆ ಬಿಟ್ಟದ್ದಕ್ಕೆ; ಇಳಿಯದಿದ್ದರೆ ರೋಗಿ ಕದ್ದು ಬೇಳೆ ತಿಂದದ್ದಕ್ಕೆ. ತೊಗರಿಯ ನಾಡಿನಲ್ಲಿ ಕೂತು ತೊಗರಿಯನ್ನೇ ಕಟಕಟೆಗೆ ಏರಿಸುತ್ತಾರೆ. ಅದು ತಿರುಗಿ ಕೇಳುವುದಿಲ್ಲವಲ್ಲ.

ಆದರೆ ಆಚಾರರ ಬಾಯಿಂದಲೇ ನನಗೆ ಒಂದು ಸಾಕ್ಷಿ ಸಿಕ್ಕಿತ್ತು. ಕಣ್ಣೆದುರು ಕಾವಲಿದ್ದು, ಹುಡುಗ ಒಂದಿಷ್ಟು ಹಣ್ಣಿನ ಹೊರತು ಏನೂ ತಿನ್ನದೆ, ಅಂಕಿ ಏರಿತ್ತು. ಉಪವಾಸ ಒಂದಿಷ್ಟು ಏರಿಸುತ್ತದೆ, ಸರಿ. ಉಪವಾಸವೇ ಇಲ್ಲದಾಗ ಹನ್ನೊಂದು ದಾಟಿದ್ದು? ಅದೂ ಈ ವಯಸ್ಸಿಗೆ, ಕಲ್ಲಿನ ಜೊತೆ? ಅದನ್ನು ಹಿಡಿದುಕೊಂಡು ಸರ್ ಹತ್ತಿರ ಮತ್ತೆ ಹೋದೆ. ಈ ಸಲ ಸಿದ್ಧವಾಗಿ ಹೋಗಿದ್ದೆ. ಹೊಸ ರಾಸಾಯನಿಕದ ಪೆಟ್ಟಿಗೆ ತೆರೆದಾಗ ನಾವು ನಮ್ಮದೇ ರಕ್ತ ಹಾಕಿ ನೋಡುವ ಪದ್ಧತಿ ಇತ್ತು. ಸರ್ ರಕ್ತವೂ ಅದರಲ್ಲಿರುತ್ತಿತ್ತು.

‘ಸರ್, ನಿಮ್ಮ ಯೂರಿಕ್ ಆಸಿಡ್ ಎಷ್ಟದ?’

‘ನಂದ್ಯಾಕ?’

‘ಐದರ ಆಜೂಬಾಜೂ ಅದ. ಪ್ರತಿ ಸಲ.’

‘ಇರ್ಲಿ. ಚಲೋ ಅದಲ್ಲ?’

‘ಸರ್, ನೀವು ದಿನಾ ಬ್ಯಾಂಕಿಗೆ ಹೋಗ್ತೀರಿ. ಐದು. ಆ ಹುಡುಗಗ ಖಾತೆನೇ ಇಲ್ಲ. ಹನ್ನೊಂದು.’

ಆಚೆ ಮೇಜಿನಲ್ಲಿದ್ದ ಮಹಬೂಬ್ ಭಾಯಿ ನಳಿಕೆ ತೊಳೆಯುವ ನಲ್ಲಿಯನ್ನು ಜೋರಾಗಿ ಬಿಟ್ಟು ನಗು ಮುಚ್ಚಿಕೊಂಡರು. ಸರ್ ಬೈಯುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿ, ‘ಭಾಳ ಶಾಣ್ಯಾ ಇದ್ದೀ’ ಎಂದು ಗೊಣಗಿ, ಕಿಡ್ನಿ ಡಾಕ್ಟರಿಗೆ ಫೋನ್ ಹಚ್ಚಿದರು. ಸೋತದ್ದಕ್ಕೆ ಸೇಡು ಇಟ್ಟುಕೊಳ್ಳುವ ಜನ ಬಹಳ, ಅವರು ಇಟ್ಟುಕೊಳ್ಳಲಿಲ್ಲ. ಇಂಥ ಮೇಲಧಿಕಾರಿ ಸಿಕ್ಕರೆ ಸಂಬಳ ತುಸು ಕಡಿಮೆಯಾದರೂ ಅವರನ್ನು ಬಿಡಬೇಡಿ.

ಹುಡುಗ ಸುಧಾರಿಸಿಕೊಂಡ ಮೇಲೆ ಮೂತ್ರದಲ್ಲಿನ ಯೂರಿಕ್ ಆಸಿಡ್ ಅಳೆದೆವು. ಹೊರಗೆ ಹೋಗುವುದೂ ವಿಪರೀತವಿತ್ತು. ಅಂದರೆ ಮೂತ್ರಪಿಂಡ ತಡೆಹಿಡಿದಿದ್ದಲ್ಲ, ದೇಹವೇ ಅಷ್ಟು ತಯಾರಿಸುತ್ತಿದೆ. ಆಮೇಲೆ ರಕ್ತವನ್ನು ದೂರದ ದೊಡ್ಡ ಲ್ಯಾಬಿಗೆ ಕಿಣ್ವದ ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ: ಹಳೆಯ ಪ್ಯೂರಿನ್‌ಗಳನ್ನು ಮತ್ತೆ ಬಳಕೆಗೆ ತರುವ ಒಂದು ಕಿಣ್ವ ಅವನಲ್ಲಿ ಹುಟ್ಟಿನಿಂದಲೇ ದುರ್ಬಲ. ಪೂರ್ತಿ ಇಲ್ಲದಿದ್ದರೆ ಎಳವೆಯಲ್ಲೇ ದೊಡ್ಡ ತೊಂದರೆ ಆಗುತ್ತಿತ್ತು. ಇವನಿಗೆ ಅಷ್ಟಿಷ್ಟು ಇದ್ದುದರಿಂದ ಕಲ್ಲಿನಲ್ಲಿ ಕಂಡಿತು.

ಇದನ್ನು ಆಚಾರರಿಗೆ ತಿಳಿಸುವ ಕೆಲಸ ನನಗೆ ಬಂತು. ಅವರ ಮನೆಯ ಕಟ್ಟೆಯ ಮೇಲೆ ಕುಳಿತೆ. ಪ್ರಾಣೇಶ ಬಾಗಿಲಿಗೆ ಒರಗಿ ನಿಂತಿದ್ದ.

‘ಆಚಾರ್ರ, ನಮ್ಮ ಆಯಿ ರೊಟ್ಟಿ ಮಾಡೂದು ನೋಡೀರಲ್ಲ? ಮೊದಲ ಬುಟ್ಟಿ ನೋಡ್ತಾಳ. ಬುಟ್ಟಿ ತುಂಬಿದ್ರ ಬಡಿಯೂದು ನಿಲ್ಲಸ್ತಾಳ. ಜೀವಕೋಶನೂ ಹಂಗೇ. ಅದಕ್ಕ ಪ್ಯೂರಿನ್ ಬೇಕು, ಅದಿಲ್ಲದ ಡಿಎನ್‌ಎ ಇಲ್ಲ, ಜೀವನೇ ಇಲ್ಲ. ಅದನ್ನ ಹೊರಗಿಂದ ತರಬೇಕಂತಿಲ್ಲ, ಗ್ಲೈಸಿನ್, ಗ್ಲುಟಮಿನ್ ಅಂತ ಅಮೈನೋ ಆಮ್ಲ ಕೂಡಿಸಿ ತಾನೇ ಬಡೀತದ. ಬುಟ್ಟಿ ತುಂಬಿದ ಕೂಡ್ಲೇ ಕೈ ತಡೀತದ.’

‘ಮಾಂಸ ಮುಟ್ಟದೇ ಬರೀ ರೊಟ್ಟಿ ತಿಂದವ್ರಲ್ಲೂ ಆಗ್ತದ ಅನ್ನು.’

‘ಹೂಂರಿ, ನಿಮ್ಮಲ್ಲೂ. ಇನ್ನ ಬಳಸಿ ಉಳದದ್ದು. ಆಯಿ ಉಳದ ರೊಟ್ಟಿ ವಾಪಸ್ ಬುಟ್ಟಿಗೆ ಇಡ್ತಾಳ. ಬುಟ್ಟಿ ತುಂಬಿದ್ದು ಕಂಡು ಮರುದಿನ ಕಡಿಮಿ ಬಡೀತಾಳ. ಪ್ರಾಣೇಶನ ಮೈಯಾಗ ಆ ವಾಪಸ್ ಇಡೂ ಕೈ ಸೋತದ. ಉಳದದ್ದೆಲ್ಲ ತಿಪ್ಪಿಗೆ ಹೋಗ್ತದ, ಅದೇ ಯೂರಿಕ್ ಆಸಿಡ್. ಇತ್ತ ಬುಟ್ಟಿ ಖಾಲಿ ಕಾಣತದ, ಅದಕ್ಕ ಮತ್ತಷ್ಟು ಬಡೀತದ. ಅದೂ ತಿಪ್ಪಿಗೆ.’

ಆಚಾರರು ಕೈ ಎತ್ತಿ ತಡೆದರು. ‘ತಡಿ. ನಮ್ಮ ಮನ್ಯಾಗ ನಿನ್ನಿದು ಇವತ್ತಿನ ಬುಟ್ಟಿಗೆ ಕೂಡಸಂಗಿಲ್ಲ. ಮೈಲಿಗಿ ಆಗ್ತದ.’

ಈ ಆಕ್ಷೇಪ ನಾನು ಎಣಿಸಿರಲಿಲ್ಲ. ಆದರೂ ಹೇಳಿದೆ: ‘ಹಂಗಾದ್ರ ನಿಮ್ಮ ಮಗನ ಜೀವಕೋಶ ಭಾಳ ಮಡಿ ಅವ ಅಂತ ತಿಳಕೋರಿ. ತಂಗಳ ಮುಟ್ಟಂಗಿಲ್ಲ, ದಿನಾ ಹೊಸಾದೇ ಆಗಬೇಕು. ಅದೇ ಅವನ ರೋಗ.’

ಬಾಗಿಲ ಕಡೆಯಿಂದ ಮೊದಲು ನಕ್ಕವನು ಪ್ರಾಣೇಶ. ಆಮೇಲೆ ಒಳಗಿನಿಂದ ಅವನ ತಾಯಿ. ಕೊನೆಗೆ ಆಚಾರರ ಮುಖ ಸಡಿಲಾಯಿತು. ‘ನನ್ನ ಮಗ ನನಗಿಂತ ಮಡಿವಂತ ಅನ್ನು’ ಎಂದರು. ಕಣ್ಣು ಒರೆಸಿಕೊಂಡರು. ಆ ಸಂಜೆಯೇ ಪ್ರಾಣೇಶನ ಎಲೆ ಪಡಸಾಲೆಯಿಂದ ಒಳಗೆ ಹೋಯಿತು. ಡಾಕ್ಟರು ಗುಳಿಗೆ ಕೊಟ್ಟರು, ನೀರು ಹೆಚ್ಚು ಕುಡಿಯಲು ಹೇಳಿದರು, ನಿರ್ಜಲ ಉಪವಾಸ ಬೇಡವೆಂದರು. ಏಕಾದಶಿಗೆ ನೀರು ಕುಡಿಯಲು ಮಗನಿಗೆ ಅಪ್ಪನೇ ಲೋಟ ಕೊಡುತ್ತಾರೆ. ತೊಗರಿಬೇಳೆ ಯಾರೂ ಬಿಡಿಸಲಿಲ್ಲ. ಅಂಕಿ ಇಳಿಯಿತು.

ಸರ್ ಆ ಸಾಲನ್ನು ತೆಗೆಸಿ ‘ವೈದ್ಯರನ್ನು ಕಾಣಿ’ ಎಂದಷ್ಟೇ ಹಾಕಿಸಿದರು. ಈಗ ಬಂದಿರುವ ದೊಡ್ಡ ಕಂಪನಿಯ ವರದಿಯೊಂದನ್ನು ಮೊನ್ನೆ ನೋಡಿದೆ. ಬಣ್ಣದ ಹಾಳೆ, ಸೊಗಸಾದ ಅಕ್ಷರ. ಯೂರಿಕ್ ಆಸಿಡ್ ಹೆಚ್ಚಿದ್ದ ಒಬ್ಬ ಮುದುಕಮ್ಮನಿಗೆ ಮದ್ಯ ಬಿಡಲು ಹೇಳಿತ್ತು. ಕೆಲಸಕ್ಕೆ ಸೇರುವವರೇ, ಅಂಕಿಗೆ ನೀವು ಜವಾಬುದಾರರು. ಅಂಕಿಯ ಕೆಳಗೆ ಯಾರೋ ಹಾಕಿದ ಸಾಲಿಗೂ ಜನ ನಿಮ್ಮನ್ನೇ ಜವಾಬುದಾರರನ್ನಾಗಿ ಮಾಡುತ್ತಾರೆ. ಅದು ಅನ್ಯಾಯ ಎಂದು ನನ್ನ ಹತ್ತಿರ ವಾದಿಸಬೇಡಿ, ಸೋಲುತ್ತೀರಿ.

ಲ್ಯಾಬ್ ಮುಚ್ಚಿದ ಮೇಲೆ ಒಂದು ಶನಿವಾರ ಗುಡಿಗೆ ಹೋಗಿದ್ದೆ. ಒಳಗೆ ಪ್ರಾಣೇಶ ತೀರ್ಥ ಕೊಡುತ್ತಿದ್ದ. ಹೊರಗೆ ಕಟ್ಟೆಯ ಮೇಲೆ ಆಚಾರರು ಪರ ಊರಿನವರೊಬ್ಬರಿಗೆ ಇದೇ ಕಥೆ ಹೇಳುತ್ತಿದ್ದರು. ಅವರ ಕಥೆಯೂ ಸರ್ ಹೇಳಿದಂತೆಯೇ ಇತ್ತು. ‘ಖರೇ ಯಾವ್ದು, ಖೋಟೆ ಯಾವ್ದು ಅಂತ ಮಷಿನ್ ಬರೋಬರಿ ಹೇಳ್ತು ನೋಡ್ರಿ. ರಿಪೋರ್ಟ್ ಬಂತು, ನನ್ನ ಮಗ ಶುದ್ಧ ಅಂತ ಸಿದ್ಧ ಆತು.’ ನನ್ನನ್ನು ಕಂಡು, ‘ಬಾ ತಂಗಿ, ಇಕಿನೇ ನೋಡ್ರಿ ಆ ಲ್ಯಾಬಿನಾಕಿ’ ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು, ಕೈಗೆ ಒಂದು ಕೆಂಪು ಬಾಳೆಹಣ್ಣು ಇಟ್ಟರು.

ಪರ ಊರಿನವರು ಎದ್ದು ಹೋಗುವ ತನಕ ಕಾದೆ. ಆಚಾರರು ಒಳ್ಳೆಯವರು, ನನಗೆ ಬೇಕಾದವರು, ಕೇಳದೇ ಇರಬಹುದಿತ್ತು.

‘ಆಚಾರ್ರ, ಮೊದಲನೇ ಕಾಗದ ಬಂತು, ನಂಬಿದ್ರಿ. ಕಡೀ ಕಾಗದ ಬಂತು, ಅದನ್ನೂ ನಂಬಿದ್ರಿ. ನಡುವ ಪ್ರಾಣೇಶ ಬಾಯಿಬಿಟ್ಟು ಹೇಳಿದ್ದ, ತಿಂದಿಲ್ಲ ಅಂತ. ಆ ಕಡೀ ಕಾಗದ ಬರದೇ ಹೋಗಿದ್ರ, ಅವನ ಮಾತು ಯಾವಾಗ ನಂಬ್ತಿದ್ರಿ?’